ಸೋಮವಾರದ ದಿಬ್ಬ

ಅಂದು ಬೆಳಿಗ್ಗೆ ವಿಜಯಪುರದ ಮೇಲೆ ಮೋಡ ಇಳಿದಿತ್ತು. ಬಿಸಿಲನ್ನೂ ಬಿಡದ, ಹನಿಯನ್ನೂ ಕೊಡದ, ಒದ್ದೆ ಕಂಬಳಿಯಂಥ ಮೋಡ. ಗಾಳಿ ನಿಂತೇಬಿಟ್ಟಿತ್ತು. ಗೋಳಗುಮ್ಮಟದ ತಲೆ ಬೂದಿಬಣ್ಣದಲ್ಲಿ ಅರ್ಧ ಕರಗಿತ್ತು. ದ್ರಾಕ್ಷಿ ಸುಗ್ಗಿಯ ನಡುವೆ ಇಂಥ ಮೋಡ ಬಂದರೆ ತಿಕೋಟಾ ಸೀಮೆಯ ಮಂದಿ ಮೊದಲು ಆಕಾಶಕ್ಕೆ ಕೈಮುಗಿಯುತ್ತಾರೆ, ಆಮೇಲೆ ಬೈಯುತ್ತಾರೆ. ಒಣದ್ರಾಕ್ಷಿ ಶೆಡ್ಡಿನ ಬಲೆಗಳ ಮೇಲೆ ಹರವಿದ ಹಣ್ಣು ಇಂಥ ದಿನ ಒಣಗುವುದಿಲ್ಲ, ಕಪ್ಪಾಗುತ್ತದೆ.

ಗುಮ್ಮಟದ ಹಿಂದಿನ ಓಣಿಯ ಬಾಡಿಗೆ ಕೋಣೆಯಲ್ಲಿ ಆಮ್ರಪಾಲಿ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಬಬಲೇಶ್ವರದ ಬಸ್ ಕಂಡಕ್ಟರ್ ರಾಜಾರಾಮನ ಮಗಳು. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ವಿಶ್ವವಿದ್ಯಾಲಯದ ಒಂದು ಯೋಜನೆಯಲ್ಲಿ ಆರು ತಿಂಗಳಿಂದ ತಾತ್ಕಾಲಿಕ ಕೆಲಸದಲ್ಲಿದ್ದಳು. ಅದೇ ಯೋಜನೆಗೆ ಈಗ ಡೇಟಾ ಸೈನ್ಸ್ ಸಂಶೋಧಕರ ಹುದ್ದೆಯೊಂದು ಮಂಜೂರಾಗಿತ್ತು. ಒಂದೇ ಹುದ್ದೆ, ಐದು ವರ್ಷಕ್ಕೆ. ಸಂದರ್ಶನ ಅಂದೇ ಮಧ್ಯಾಹ್ನ ಎರಡಕ್ಕೆ. ಸಿಕ್ಕರೆ ಜೀವಕ್ಕೆ ಒಗ್ಗಿದ ಕೆಲಸ. ಸಿಗದಿದ್ದರೆ ತಿಂಗಳ ಕೊನೆಗೆ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೋಗಿ ಕೋಚಿಂಗ್ ಕ್ಲಾಸಿನಲ್ಲಿ ಬ್ಯಾಂಕ್ ಪರೀಕ್ಷೆಯ ಲೆಕ್ಕ ಹೇಳಿಕೊಡಬೇಕು.

ಯೋಜನೆ ಒಣದ್ರಾಕ್ಷಿಯದು. ತಿಕೋಟಾದ ಆಚೆ ಘೋಣಸಗಿಯ ಎಂಟು ಶೆಡ್ಡುಗಳಲ್ಲಿ ಒಂದೊಂದು ಸಣ್ಣ ಪೆಟ್ಟಿಗೆ ತೂಗುಹಾಕಿದ್ದರು. ಅದು ಹಗಲಿರುಳು ಶೆಡ್ಡಿನ ಬಿಸಿ ಮತ್ತು ತೇವ ಅಳೆದು ಲ್ಯಾಬಿಗೆ ಕಳಿಸುತ್ತಿತ್ತು. ಯಾವ ಶೆಡ್ಡಿನ ಹಣ್ಣು ಮೋಡದ ದಿನ ಕೆಡುತ್ತದೆ, ಯಾವುದರದು ಉಳಿಯುತ್ತದೆ ಎಂದು ಆ ಅಂಕಿಗಳಿಂದ ಮುಂಚಿತವಾಗಿ ತಿಳಿಯಬೇಕು. ಆಮ್ರಪಾಲಿ ಕೆಲಸಕ್ಕೆ ಸೇರುವ ಹೊತ್ತಿಗೆ ಪೆಟ್ಟಿಗೆ ಕಟ್ಟಿ ಎರಡು ಸುಗ್ಗಿ ಆಗಿತ್ತು. ಘೋಣಸಗಿಯನ್ನು ಅವಳು ಕಂಡದ್ದು ಅಂಕಿಗಳಲ್ಲಿ ಮಾತ್ರ.

ಆ ಅಂಕಿಗಳಲ್ಲಿ ಒಂದು ದಿಬ್ಬವಿತ್ತು. ನಾಲ್ಕನೆಯ ಶೆಡ್ಡಿನ ಗ್ರಾಫಿನಲ್ಲಿ ಪ್ರತಿ ಸೋಮವಾರ ಬೆಳಿಗ್ಗೆ ಬಿಸಿ ಇದ್ದಕ್ಕಿದ್ದಂತೆ ಏರುತ್ತಿತ್ತು, ಆಮೇಲೆ ಮೆಲ್ಲಗೆ ಇಳಿಯುತ್ತಿತ್ತು. ಕೆಲವು ದಿನಗಳಲ್ಲಂತೂ ಎಂಟೂ ಶೆಡ್ಡುಗಳಲ್ಲಿ ಒಟ್ಟಿಗೆ ದಿಬ್ಬ. ಆ ದಿನಗಳಿಗೆ ವಾರದ ನೇಮವೂ ಇಲ್ಲ, ತಾರೀಖಿನ ನೇಮವೂ ಇಲ್ಲ. ಯೋಜನೆಯ ಮುಖ್ಯಸ್ಥ ಪ್ರೊಫೆಸರ್ ಸಿದ್ದಲಿಂಗೇಶ ಹಿಂದಿನ ದಿನವೇ ಹೇಳಿದ್ದರು: "ಕರೆಂಟಿನ ಏರಿಳಿತ ಇರಬೇಕವ್ವಾ. ಆ ದಿಬ್ಬ ಅಳಿಸಿಬಿಡು. ಗ್ರಾಫ್ ನೆಟ್ಟಗಾಗತದ. ಸಂದರ್ಶನದಾಗ ಯಾರೂ ಕೆದಕಂಗಿಲ್ಲ."

ಅಳಿಸಿದ್ದಳು. ಗ್ರಾಫು ಚೆಂದವಾಗಿತ್ತು. ಆದರೂ ಅದನ್ನು ನೋಡಿದಾಗೆಲ್ಲ, ಮೂಗುತಿ ತೆಗೆದಿಟ್ಟ ಮುಖ ನೋಡಿದ ಹಾಗೆ ಏನೋ ಇಲ್ಲವಲ್ಲ ಎನ್ನಿಸುತ್ತಿತ್ತು.

ಫೋನು ಬಡಿಯಿತು. ಊರಿಂದ ತಾಯಿ ಚಂದ್ರಾಬಾಯಿ.

"ಎದ್ದೀಯೇನ ಬೇ? ಏನರ ತಿಂದೀಯೋ ಇಲ್ಲೋ?"

"ತಿಂತೇನಿ ತಡಿ ಯವ್ವಾ."

"ಮಗ್ಗಲಮನಿ ಗುರುಬಾಯಿ ಬಂದು ಬೆಳಗ್ಗೇನೇ ಎದಿ ಒಡಿಸಿ ಹ್ವಾದ್ಲು ನೋಡು. ಇವತ್ತ ಸೋಮವಾರ ಅಮಾಸಿ ಐತಿ, ಇಂಥಾ ದಿನ ಯಾರರ ಸಂದರ್ಶನ ಇಡ್ತಾರೇನ ಅಂತಾಳ. ನಾ ಅಂದೆ, ನಮ್ಮದೇನಿದ್ರೂ ಬುದ್ಧನ ಹುಣ್ಣಿವಿ ಲೆಕ್ಕ, ನಿಮ್ಮ ಅಮಾಸಿ ನಮ್ಮ ಹುಡುಗಿಗಿ ಹತ್ತಂಗಿಲ್ಲ ಅಂತ. ಖರೆ ಅಂದೆ ಹೌದಿಲ್ಲೋ?"

ಆಮ್ರಪಾಲಿಯ ಕಿವಿಗೆ ಬಿದ್ದದ್ದು ಸೋಮವಾರ, ಅಮಾಸಿ ಎರಡೇ ಮಾತು. ಗೋಡೆಯ ಮೇಲೆ ಕೋಣೆಯ ಮಾಲಕರು ಮೊಳೆ ಹೊಡೆದ ಕ್ಯಾಲೆಂಡರಿತ್ತು. ಅಮಾವಾಸ್ಯೆಗೊಂದು ಕಪ್ಪು ಚುಕ್ಕೆ. ಅವಳು ಎದ್ದು ಹೋಗಿ ಹಾಳೆ ಹಿಂದಕ್ಕೆ ತಿರುವಿದಳು. ಹೋದ ತಿಂಗಳ ಕಪ್ಪು ಚುಕ್ಕೆ: ಎಂಟೂ ಶೆಡ್ಡಿನಲ್ಲಿ ದಿಬ್ಬ. ಅದರ ಹಿಂದಿನ ತಿಂಗಳು: ದಿಬ್ಬ.

"ಯವ್ವಾ," ಎಂದಳು, "ಗುರುಬಾಯಿ ಕಾಕೂಗ ನನ್ನ ಪರವಾಗಿ ಒಂದ ಕಪ್ಪ ಚಾ ಕುಡಿಸು."

"ಅಯ್ಯ, ಯಾಕ?"

ಅಷ್ಟರಲ್ಲಿ ಅವಳು ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕಿ ಚಪ್ಪಲಿ ಮೆಟ್ಟಿದ್ದಳು.

ಗುಮ್ಮಟದ ಎದುರಿನ ಸಾಲಿನಲ್ಲಿ ನಾಸೀರನ ರಿಪೇರಿ ಅಂಗಡಿ. ಎಂಟೂ ಪೆಟ್ಟಿಗೆಗಳನ್ನು ಬೆಸುಗೆ ಹಾಕಿ ಕಟ್ಟಿದವನು ಅವನೇ. ಶಟರ್ ಅರ್ಧ ಎತ್ತಿ ಕಸ ಗುಡಿಸುತ್ತಿದ್ದ.

"ನಾಸೀರಣ್ಣಾ, ಗಾಡಿ ತೆಗೀರಿ. ಘೋಣಸಗಿಗೆ ಹೋಗೂಣು."

"ಇವತ್ತ ನಿಮ್ಮದು ಇಂಟರ್‌ವ್ಯೂ ಅಲ್ಲೇನ್ರಿ ಮೇಡಮ್?"

"ಅದಕ್ಕ ಹೋಗಬೇಕು. ನಿಮ್ಮ ಪೆಟ್ಟಿಗಿ ಸುಳ್ಳ ಹೇಳತಾವೋ, ಖರೆ ಹೇಳತಾವೋ, ಇವತ್ತ ಗೊತ್ತಾಗತದ."

ನಾಸೀರ ಕಸಬರಿಗೆ ಮೂಲೆಗೆ ಎಸೆದ. "ನನ್ನ ಪೆಟ್ಟಿಗಿ ಸುಳ್ಳ ಹೇಳತಾವಂತ ಯಾರಂದ್ರು? ಅವರ ಹೆಸರ ಹೇಳ್ರಿ ಮೊದಲ."

"ನಮ್ಮ ಸರ್ ಅಂದ್ರು."

"ಹತ್ರಿ ಗಾಡಿ," ಎಂದ.

ತಿಕೋಟಾ ರಸ್ತೆಯ ಎರಡೂ ಬದಿಗೆ ದ್ರಾಕ್ಷಿ ತೋಟಗಳು. ಮೋಡ ನೆಲಕ್ಕೆ ಇನ್ನಷ್ಟು ಹತ್ತಿರ ಬಂದಿತ್ತು. ಆಮ್ರಪಾಲಿಯ ಎದೆ ಗಾಡಿಗಿಂತ ಮುಂದೆ ಓಡುತ್ತಿತ್ತು. ಹುಡುಕುವವನಿಗೆ ದೇವರು ದಾರಿ ತೋರಿಸುವುದು ಹೀಗೇ ಇರಬೇಕು. ದೊಡ್ಡ ಬೆಳಕನ್ನೇನೂ ಕೊಡುವುದಿಲ್ಲ. ಪಕ್ಕದ ಮನೆಯವಳ ಬಾಯಿಂದ ಒಂದು ಮಾತು ಉದುರಿಸಿ ತಾನು ಸುಮ್ಮನಾಗಿಬಿಡುತ್ತಾನೆ.

ನಾಲ್ಕನೆಯ ಶೆಡ್ಡು ಶಂಕ್ರೆವ್ವನದು. ಐವತ್ತು ದಾಟಿದ ಗಟ್ಟಿ ಹೆಂಗಸು. ತೋಟ, ಶೆಡ್ಡು, ಆಳುಗಳು ಎಲ್ಲ ಅವಳ ದನಿಯ ಅಳತೆಯಲ್ಲೇ ನಡೆಯುವವು. ಇವರು ಗಾಡಿ ನಿಲ್ಲಿಸುವಾಗ ಅಂಗಳದಲ್ಲಿ ಟ್ರ್ಯಾಕ್ಟರಿನ ಬಾನೆಟ್ಟಿಗೆ ವಿಭೂತಿ ಬಳಿದಾಗಿತ್ತು. ಪಂಪಿನ ಮೋಟರಿಗೆ ಹೂ ಏರಿತ್ತು. ತೂಕದ ಕಾಟಾದ ಮುಂದೆ ಕಾಯಿ ಒಡೆದಿತ್ತು. ಅಮಾವಾಸ್ಯೆಗೆ ದುಡಿಯುವ ವಸ್ತುಗಳಿಗೆಲ್ಲ ಪೂಜೆ ಮಾಡುವುದು ಈ ಸೀಮೆಯ ಪದ್ಧತಿ. ಶೆಡ್ಡಿನೊಳಗೆ, ಬಲೆಗಳ ನಡುವೆ, ನಾಸೀರನ ಪೆಟ್ಟಿಗೆ ಚೆಂಡುಹೂವಿನ ಮಾಲೆ ಹಾಕಿಕೊಂಡು, ಮೂರು ಬೆರಳಿನ ವಿಭೂತಿ ಧರಿಸಿ, ಹಸಿರು ಕಣ್ಣು ಮಿಣುಕಿಸುತ್ತಿತ್ತು. ಅದರ ಕೆಳಗೆ ಇಟ್ಟಿಗೆಯ ಮೇಲೆ ಕೆಂಡ ತುಂಬಿದ ತಗಡಿನ ಬುಟ್ಟಿ. ಶಂಕ್ರೆವ್ವ ಅದಕ್ಕೆ ಹಿಡಿ ಹಿಡಿಯಾಗಿ ಲೋಬಾನದ ಧೂಪ ಹಾಕುತ್ತಿದ್ದಳು. ಹೊಗೆ ಪೆಟ್ಟಿಗೆಯನ್ನು ಸುತ್ತಿ ಮೇಲೇರುತ್ತಿತ್ತು.

ನಾಸೀರ ಬಾಗಿಲಲ್ಲೇ ನಿಂತುಬಿಟ್ಟ. "ಯಾ ಅಲ್ಲಾ," ಎಂದ ಮೆಲ್ಲಗೆ. "ನನ್ನ ಪೆಟ್ಟಿಗೀನ ದೇವರ ಮಾಡ್ಯಾರಲ್ರಿ."

ಆಮ್ರಪಾಲಿಗೆ ಕೂಗಬೇಕೋ ನಗಬೇಕೋ ತಿಳಿಯಲಿಲ್ಲ. ಫೋನಿನಲ್ಲಿ ನಾಲ್ಕನೆಯ ಶೆಡ್ಡಿನ ಗ್ರಾಫು ತೆರೆದಳು. ಕಣ್ಣೆದುರಿಗೇ ಗೆರೆ ಮೇಲೇಳುತ್ತಿತ್ತು. ಆರು ತಿಂಗಳು ಬೆನ್ನು ಹತ್ತಿದ ದಿಬ್ಬ ಇಲ್ಲಿ, ಈಗ, ಲೋಬಾನದ ವಾಸನೆಯ ಜೊತೆ ಹುಟ್ಟುತ್ತಿತ್ತು.

"ಯಾರ ಬೇ ನೀವು?" ಶಂಕ್ರೆವ್ವ ತಿರುಗಿ ನೋಡಿದಳು.

"ಯುನಿವರ್ಸಿಟಿಯಿಂದ ಬಂದೀವ್ರಿ ಆಯಿ. ಈ ಪೆಟ್ಟಿಗಿ ನಮ್ಮದು."

"ಓಹೋ! ಬಂದ್ರಲ್ಲ ಅಂತೂ!" ಶಂಕ್ರೆವ್ವ ಸೊಂಟಕ್ಕೆ ಕೈಯಿಟ್ಟಳು. "ಪೆಟ್ಟಿಗಿ ಕಟ್ಟುವಾಗ ನಿಮ್ಮ ಸರ್ ಇಲ್ಲೇ ನಿಂತ ಅಂದಿದ್ರು, ತಿಳಿದದ್ದ ಬಂದ ಹೇಳ್ತೀವಿ ಯವ್ವಾ ಅಂತ. ಎರಡ ಸುಗ್ಗಿ ಆತು. ನಮ್ಮ ಶೆಡ್ಡಿನ ಗಾಳಿ ಎಲ್ಲಾ ನುಂಗೇತಿ ಇದು, ಒಂದ ಮಾತ ಉಗುಳಿಲ್ಲ."

ನಾಸೀರ ನಕ್ಕ. "ಮಾತಾಡವಲ್ದು ಅಂತೀರಿ, ಮತ್ತ ಪೂಜಿ ಯಾಕ ಮಾಡ್ತೀರಿ?"

"ಮಾತಾಡೋ ದೇವರ ಎಲ್ಲೈತೋ ಯಪ್ಪಾ? ಇದ್ರ ತೋರಸು, ಅಲ್ಲೇ ಹೋಗ್ತೇನಿ." ಅವಳೂ ನಕ್ಕಳು. "ಟ್ರ್ಯಾಕ್ಟರ ದುಡಿತದ, ಮೋಟರ ದುಡಿತದ. ಇದೂ ರಾತ್ರಿಯೆಲ್ಲಾ ಕಣ್ಣ ತಗದ ಕುಂತಿರತದ, ನಿದ್ದಿಲ್ಲ ಪಾಪ. ಇದಕ್ಕಷ್ಟ ಬಿಟ್ರ ಹ್ಯಾಂಗ? ನಮ್ಮ ಮನ್ಯಾಗ ಸೋಮವಾರ ಶಿವನ ದಿನ, ಅದಕ್ಕ ನಾ ವಾರಾ ಮಾಡ್ತೇನಿ. ನನ್ನ ನೋಡಿ ಉಳಿದ ಏಳೂ ಮಂದಿ ಅಮಾಸಿಗಷ್ಟ ಮಾಡ್ತಾರ. ಮೈಗಳ್ಳರು."

ಆರತಿಯ ತಟ್ಟೆ ಆಮ್ರಪಾಲಿಯ ಕೈಗೆ ಬಂತು. ಅವಳು ಹಿಂಜರಿದಳು. "ನಮ್ಮದು ಬುದ್ಧನ ಮನೀರಿ ಆಯಿ."

"ದೀಪಕ್ಕ ಯಾವ ಮನಿ ಅಂತ ಗೊತ್ತಾಗತದೇನ? ಬೆಳಗ ಬೇ, ಸುಮ್ಮನ."

ಬೆಳಗಿದಳು. ಆಮೇಲೆ ಹೋಳಿಗೆ ತಿನ್ನಿಸದೆ ಶಂಕ್ರೆವ್ವ ಬಿಡಲಿಲ್ಲ. ಎರಡಕ್ಕೆ ಸಂದರ್ಶನವಿದೆ ಎಂದರೂ, "ಅಮಾಸಿ ದಿನ ಬಂದ ಮಂದಿ ಬಾಯಿ ಒಣಗಿಸ್ಕೊಂಡ ಹೋದ್ರ ನೌಕರಿ ಒಣಗತದ" ಎಂದು ಇನ್ನೊಂದು ಹಾಕಿದಳು. ತಿನ್ನುತ್ತ ಆಮ್ರಪಾಲಿ ಶೆಡ್ಡನ್ನು ನೋಡಿದಳು. ಹಿಂಬದಿಗೆ ಕೊಟ್ಟಿಗೆಯ ಕಲ್ಲುಗೋಡೆ. ಆ ಗೋಡೆಗೆ ಒತ್ತಿ ಖಾಲಿ ಕ್ರೇಟುಗಳ ರಾಶಿ, ಮೇಲೆ ಹೊದಿಸಿದ ಪ್ಲಾಸ್ಟಿಕ್ ತಾಡಪಾಲು. ಮೂಲೆಯಲ್ಲಿ ಲೋಬಾನದ ಹೊಗೆ ಹಾಗೇ ನಿಂತಿತ್ತು. ಹೊರಗೆ ಹೋಗಲು ಬಾಗಿಲು ಕಾಣದ ನೆಂಟನ ಹಾಗೆ.

ಅಷ್ಟು ನೋಡಿದಳು, ಆದರೆ ಆಗ ಏನೂ ಹೊಳೆಯಲಿಲ್ಲ. ದಿಬ್ಬದ ಗುಟ್ಟು ಸಿಕ್ಕ ಖುಷಿಯಲ್ಲೇ ಗಾಡಿ ಹತ್ತಿದಳು.

ತಿಕೋಟಾ ದಾಟಿ ಸ್ವಲ್ಪ ದೂರ ಬಂದಿರಬೇಕು. "ನಿಲ್ಲಸ್ರಿ! ನಿಲ್ಲಸ್ರಿ ನಾಸೀರಣ್ಣಾ!"

ನಾಸೀರ ಗಾಬರಿಯಿಂದ ಬ್ರೇಕ್ ಒತ್ತಿದ. "ಓಢಣಿ ಗಾಲ್ಯಾಗ ಸಿಕ್ತೇನ್ರಿ?"

ಅವಳು ಆಗಲೇ ರಸ್ತೆಬದಿಯ ಸೇತುವೆಯ ಕಟ್ಟೆ ಹತ್ತಿ ಲ್ಯಾಪ್‌ಟಾಪ್ ತೆರೆದಿದ್ದಳು. ಅಳಿಸಿದ ದಿಬ್ಬಗಳನ್ನೆಲ್ಲ ಮರಳಿ ಕರೆದಳು. ಒಂದೇ ಅಮಾವಾಸ್ಯೆ, ಎಂಟು ಶೆಡ್ಡು, ಎಂಟು ದಿಬ್ಬ. ಏರಿಕೆಯನ್ನು ಬಿಟ್ಟು ಇಳಿಕೆ ಮಾತ್ರ ನೋಡಿದಳು. ಒಂದರಲ್ಲಿ ಬಿಸಿ ಸರ್ರನೆ ಇಳಿದಿತ್ತು. ಇನ್ನೊಂದರಲ್ಲಿ ತುಸು ನಿಧಾನ. ಶಂಕ್ರೆವ್ವನದರಲ್ಲಿ ಎಲ್ಲಕ್ಕಿಂತ ನಿಧಾನ.

"ನಾಸೀರಣ್ಣಾ, ನಿಮ್ಮ ಅಂಗಡ್ಯಾಗ ಊದಿನಕಡ್ಡಿ ಹಚ್ಚಿದ್ರ ಹೊಗಿ ಎಷ್ಟ ಹೊತ್ತ ಇರತದ?"

"ಶಟರ್ ಪೂರಾ ತಗದ್ರ ಲಗೂನ ಹೋಗತದ. ಅರ್ಧಾ ತಗದ್ರ ನಾನೂ ಕೆಮ್ಮಬೇಕು, ಗಿರಾಕೀನೂ ಕೆಮ್ಮಬೇಕು."

"ಅಷ್ಟ ರೀ! ಅಷ್ಟ!" ಅವಳು ಕಟ್ಟೆಯ ಮೇಲೆ ಕೂತಲ್ಲೇ ಕುಣಿದಳು. "ಯಾವ ಶೆಡ್ಡಿನ್ಯಾಗ ಗಾಳಿ ಆಡತದ, ಯಾವದರಾಗ ಕಟ್ಟಿ ನಿಂದ್ರತದ ಅಂತ ತಿಳೀಬೇಕಂದ್ರ ಹೊರಗಿನ ಮಂದಿ ಮಶಿನ್ ತಂದು, ಬಿಸಿ ಬಿಟ್ಟು, ಅದು ಆರೋದನ್ನ ಅಳೀತಾರ. ಇಲ್ಲಿ ಅಮಾಸಿಗೊಮ್ಮಿ ಎಂಟೂ ಮಂದಿ ತಾವಾಗೇ ಅದನ್ನ ಮಾಡ್ಯಾರ. ಎರಡ ವರ್ಷ! ಪೆಟ್ಟಿಗಿ ಎಲ್ಲಾ ಬರಕೊಂಡ ಇಟ್ಟೈತಿ. ನಾವು ಅಳಿಸಿ ಒಗದೀವಿ!"

ಹೋದ ಸುಗ್ಗಿಯಲ್ಲಿ ಯಾವ ಶೆಡ್ಡಿನ ಒಣದ್ರಾಕ್ಷಿ ಎಷ್ಟು ಕಪ್ಪಾಗಿತ್ತು ಎಂಬುದು ಅವಳ ಬಳಿ ಇತ್ತು. ಪಕ್ಕದಲ್ಲಿಟ್ಟು ನೋಡಿದಳು. ಬಿಸಿ ಇಳಿಯಲು ಹೆಚ್ಚು ಹೊತ್ತು ಹಿಡಿದ ಶೆಡ್ಡುಗಳೇ ಹೆಚ್ಚು ಹಣ್ಣು ಕೆಡಿಸಿಕೊಂಡಿದ್ದವು. ಮೊದಲ ಹೆಸರು ಶಂಕ್ರೆವ್ವನದು. ಗೋಡೆಗೆ ಒತ್ತಿದ ಕ್ರೇಟಿನ ರಾಶಿ, ಮೂಲೆಯಲ್ಲಿ ನಿಂತ ಹೊಗೆ ಆಮ್ರಪಾಲಿಯ ಕಣ್ಣಮುಂದೆ ಬಂದವು. ತಲೆಯೆತ್ತಿ ನೋಡಿದರೆ ಮೋಡ ಇನ್ನೂ ಅಲ್ಲೇ ಇತ್ತು.

"ಮೇಡಮ್," ನಾಸೀರ ಗಂಟಲು ಸರಿಮಾಡಿಕೊಂಡ. "ಪೆಟ್ಟಿಗಿ ಖರೆ ಹೇಳ್ತಲ್ಲ? ಹತ್ರಿ. ಟೈಮ್ ಆಗಾಕತ್ತೈತಿ."

ಸಂದರ್ಶನದ ಕೋಣೆಗೆ ಅವಳು ಹೊಕ್ಕಾಗ ಮೈತುಂಬ ಲೋಬಾನದ ವಾಸನೆ, ಹಣೆಯ ಮೇಲೆ ಶಂಕ್ರೆವ್ವ ಹಚ್ಚಿದ ಕುಂಕುಮ. ಮೇಜಿನ ಆಚೆ ಮೂವರು. ನಡುವೆ ಗಣಿತದ ಹಿರಿಯ ಪ್ರಾಧ್ಯಾಪಕ ಗುರುಪಾದಯ್ಯ. ಬಲಕ್ಕೆ ಹೊರ ಊರಿಂದ ಬಂದ ತಜ್ಞೆ. ಎಡಕ್ಕೆ ಸಿದ್ದಲಿಂಗೇಶ.

ಗುರುಪಾದಯ್ಯನವರು ಮೂಗೆಳೆದರು. "ಯಾವ ಗುಡಿಯಿಂದ ಬಂದಿ ತಂಗಿ?"

"ಒಣದ್ರಾಕ್ಷಿ ಶೆಡ್ಡಿಂದ ಬಂದೇನ್ರಿ ಸರ್."

ಚೊಕ್ಕ ಮಾಡಿದ ಗ್ರಾಫನ್ನು ಅವಳು ತೋರಿಸಲಿಲ್ಲ. ದಿಬ್ಬಗಳಿದ್ದ ಗ್ರಾಫನ್ನೇ ಪರದೆಯ ಮೇಲೆ ಹಾಕಿದಳು. ಸಿದ್ದಲಿಂಗೇಶ ಕುರ್ಚಿಯಲ್ಲಿ ಮುಂದಕ್ಕೆ ಸರಿದರು. ಅವಳು ಮೊದಲಿಂದ ಹೇಳಿದಳು: ಕಪ್ಪು ಚುಕ್ಕೆ, ಕೆಂಡದ ಬುಟ್ಟಿ, ಸೇತುವೆಯ ಕಟ್ಟೆ. ಹೇಳುತ್ತ ಹೇಳುತ್ತ ತಾನು ಸಂದರ್ಶನದಲ್ಲಿದ್ದೇನೆ ಎಂಬುದೇ ಮರೆತುಹೋಯಿತು.

ತಜ್ಞೆ ಕೈಯೆತ್ತಿದರು. "ಒಬ್ಬರು ಹಿಡಿ ತುಂಬ ಲೋಬಾನ ಹಾಕ್ತಾರೆ, ಇನ್ನೊಬ್ಬರು ಚಿಟಿಕೆ. ಬೆಂಕಿಯ ಅಳತೆಯೇ ಬೇರೆ ಬೇರೆ ಇರುವಾಗ ಶೆಡ್ಡಿಗೆ ಶೆಡ್ಡನ್ನು ಹೇಗೆ ಹೋಲಿಸ್ತೀರಿ?"

"ದಿಬ್ಬ ಎಷ್ಟು ಎತ್ತರ ಏರುತ್ತದೆ ಅನ್ನೋದು ಅವರವರ ಭಕ್ತಿಗೆ ಬಿಟ್ಟದ್ದು ಮೇಡಮ್. ಏರಿದ್ದರಲ್ಲಿ ಅರ್ಧ ಇಳಿಯೋಕೆ ಎಷ್ಟು ಹೊತ್ತು ಬೇಕು ಅನ್ನೋದು ಶೆಡ್ಡಿಗೆ ಬಿಟ್ಟದ್ದು. ನಾನು ಎತ್ತರ ನೋಡಿಲ್ಲ, ಆ ಹೊತ್ತು ನೋಡಿದೀನಿ."

ಗುರುಪಾದಯ್ಯನವರು ಜೋರಾಗಿ ನಕ್ಕು ಮೇಜು ತಟ್ಟಿದರು. ತಜ್ಞೆಯೂ ನಕ್ಕರು. "ಎಂಟೇ ಶೆಡ್ಡು. ಕಡಿಮೆ ಆಯ್ತು."

"ಕಡಿಮೇನೇ ಮೇಡಮ್. ಮುಂದಿನ ಅಮಾವಾಸ್ಯೆಗೆ ನಿಡೋಣಿ ಕಡೆ ಇನ್ನಷ್ಟು ಶೆಡ್ಡುಗಳಲ್ಲಿ ಪೆಟ್ಟಿಗೆ ಕಟ್ಟಿ ನೋಡಬೇಕು. ಅಲ್ಲೀತನಕ ಇದು ಬಲವಾದ ಗುಮಾನಿ, ಅಷ್ಟೇ."

"ಒಳ್ಳೆಯದು. ಒಂದು ಮಾತು ನೆನಪಿರಲಿ," ತಜ್ಞೆ ಪೆನ್ನು ಕೆಳಗಿಟ್ಟರು. "ಯೋಜನೆಗೆ ಹಣ ಕೊಟ್ಟವರ ಷರತ್ತಿದೆ. ವರದಿ ಅಚ್ಚಾಗುವ ತನಕ ಫಲಿತಾಂಶ ಹೊರಗೆ ಹೋಗಬಾರದು. ಈ ಹುದ್ದೆಗೆ ಬರುವವರು ಅದಕ್ಕೆ ಒಪ್ಪಬೇಕಾಗುತ್ತದೆ."

ಆಮ್ರಪಾಲಿ ಕಿಟಕಿಯ ಕಡೆ ನೋಡಿದಳು. ಐದು ವರ್ಷ ಅಲ್ಲೇ ಮೇಜಿನ ಮೇಲೆ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿತ್ತು.

"ವರದಿ ಅಚ್ಚಾಗೋಕೆ ವರ್ಷ ಹಿಡೀಬಹುದು," ಎಂದಳು. "ಮೋಡ ಇವತ್ತೇ ಬಂದಿದೆ. ಆ ಆಯಿಯ ಹಣ್ಣು ಈಗ ಬಲೆಯ ಮೇಲಿದೆ. ಹಿಂದಿನ ಕ್ರೇಟು ಸರಿಸಿ ತಾಡಪಾಲು ಎತ್ತಿದ್ರೆ ಉಳೀಬಹುದು. ಬೇರೆಯವರ ಶೆಡ್ಡಿನ ಮಾತು ನಾನು ಯಾರಿಗೂ ಹೇಳೋದಿಲ್ಲ. ಆದ್ರೆ ಅವರ ಶೆಡ್ಡಿನ ಮಾತು ಅವರಿಗೆ ಹೇಳಬಾರದು ಅಂದ್ರೆ..." ಅವಳಿಗೆ ಅರಿವಿಲ್ಲದೆ ಊರಿನ ಮಾತು ಬಂತು. "ಅಂದ್ರ ನನಗ ಒಪ್ಪಾಕ ಆಗಂಗಿಲ್ರಿ. ಹುದ್ದೆ ಬ್ಯಾರೇದವ್ರಿಗೆ ಕೊಡ್ರಿ. ನಾ ಸಂಜೀಕ ಹೋಗಿ ಹೇಳೇ ಹೇಳ್ತೇನಿ."

ಗುರುಪಾದಯ್ಯನವರು ಎಡಕ್ಕೆ ತಿರುಗಿದರು. "ಸಿದ್ದಲಿಂಗೇಶ, ಯೋಜನಾ ನಿಮ್ಮದು. ನೀವೇನಂತೀರಿ?"

ಸಿದ್ದಲಿಂಗೇಶ ಪರದೆಯ ಮೇಲಿನ ದಿಬ್ಬವನ್ನೇ ನೋಡುತ್ತಿದ್ದರು. "ಷರತ್ತು ಆಮೇಲೆ ಬಂದದ್ರಿ ಸರ್," ಎಂದರು ನಿಧಾನವಾಗಿ. "ಪೆಟ್ಟಿಗಿ ಕಟ್ಟುವಾಗ, ತಿಳಿದದ್ದ ಬಂದು ಹೇಳ್ತೀವಿ ಅಂತ ಆ ಹೆಣ್ಣುಮಗಳಿಗೆ ಮಾತು ಕೊಟ್ಟಾಂವ ನಾನು. ಅದು ಮೊದಲಿಂದು. ಹಣ ಕೊಟ್ಟವ್ರಿಗೆ ನಾ ಬರೀತೇನಿ. ಮನಿ ಮಾಲಕರಿಗೆ ಅವರ ಮನಿ ಸುದ್ದಿ ಹೇಳಿದ್ರ ಅದು ಹೊರಗ ಹೋದಂಗ ಆಗಂಗಿಲ್ಲ."

ತಜ್ಞೆ ಪೆನ್ನನ್ನು ಮತ್ತೆ ಕೈಗೆತ್ತಿಕೊಂಡರು. "ಹಾಗೆ ಬರೆದರೆ ನನ್ನ ಸಹಿಯೂ ಇರಲಿ."

ಅವಳು ಹೊರಗೆ ಬಂದು ಬೇವಿನ ಮರದ ಕೆಳಗೆ ಕೂತಳು. ಇನ್ನೂ ನಾಲ್ಕು ಜನ ಒಬ್ಬೊಬ್ಬರಾಗಿ ಒಳಗೆ ಹೋಗಿ ಬಂದರು. ನಾಸೀರ ಎರಡು ಸಲ ಚಹಾ ತಂದ, ಎರಡೂ ಸಲ ತಾನೇ ಕುಡಿದ. ಕೊನೆಗೆ ಗುರುಪಾದಯ್ಯನವರು ಮೆಟ್ಟಿಲಿಳಿದು ಬಂದು ಅವಳ ತಲೆಯ ಮೇಲೆ ಕೈಯಿಟ್ಟರು.

"ನಾಳಿಂದ ಬಾ ತಂಗಿ. ಲೋಬಾನ ಹಚ್ಚಿಕೊಂಡ ಬಂದ್ರೂ ಅಡ್ಡಿಲ್ಲ."

ನಾಸೀರ ಹೊಡೆದ ಸಿಳ್ಳೆಗೆ ಬೇವಿನ ಕಾಗೆಗಳೆಲ್ಲ ಎದ್ದವು. ಆಮ್ರಪಾಲಿ ಊರಿಗೆ ಫೋನು ಮಾಡಿದಳು. ಆ ಕಡೆ ಚಂದ್ರಾಬಾಯಿ ಏನೂ ಕೇಳಿಸಿಕೊಳ್ಳದೆ ಅಳತೊಡಗಿದಳು. ಹಿಂದಿನಿಂದ ಗುರುಬಾಯಿಯ ದನಿ ಕೂಗಿತು: "ನಾ ಅಂದಿಲ್ಲೇನ, ಸೋಮವಾರ ಅಮಾಸಿ ಭಾಳ ಚೊಲೊ ದಿನ ಅಂತ!"

ಸಿದ್ದಲಿಂಗೇಶರ ಕಾರು ಘೋಣಸಗಿ ಮುಟ್ಟಿದಾಗ ಇನ್ನೂ ಬೆಳಕಿತ್ತು. ಹೊರಡುವ ಮುಂಚೆ ಲ್ಯಾಬಿನಲ್ಲಿ ಆಮ್ರಪಾಲಿಯನ್ನು ಪಕ್ಕಕ್ಕೆ ಕೂಡಿಸಿಕೊಂಡು, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಒಂದು ಹಾಳೆ ತಯಾರಿಸಿದ್ದರು. ನಾಲ್ಕನೆಯ ಶೆಡ್ಡಿನ ಎರಡು ಸುಗ್ಗಿಯ ಕತೆ. ಗಾಳಿ ಎಲ್ಲಿ ನಿಲ್ಲುತ್ತದೆ, ಯಾವ ಮೂಲೆಯ ಹಣ್ಣು ಮೊದಲು ಕೆಡುತ್ತದೆ, ಏನು ಸರಿಸಬೇಕು.

ಶಂಕ್ರೆವ್ವ ಶೆಡ್ಡಿನಲ್ಲಿ ಬಲೆಯ ಮೇಲಿನ ಹಣ್ಣನ್ನು ಕೈಯಾಡಿಸಿ ನೋಡುತ್ತಿದ್ದಳು. ಮೋಡದ ಚಿಂತೆ ಮುಖದ ಮೇಲೆ ಕಾಣುತ್ತಿತ್ತು. ಸಿದ್ದಲಿಂಗೇಶ ಬಾಗಿಲಲ್ಲಿ ಚಪ್ಪಲಿ ಕಳಚಿದರು. ಆಮ್ರಪಾಲಿ ಮತ್ತು ನಾಸೀರ ನೇರ ಹಿಂದಿನ ಗೋಡೆಗೆ ಹೋಗಿ ಕ್ರೇಟುಗಳನ್ನು ಒಂದೊಂದಾಗಿ ಇಳಿಸತೊಡಗಿದರು.

"ಏ, ಏನ ಮಾಡಾಕತ್ತೀರಿ ಅಲ್ಲಿ?" ಎಂದು ತಿರುಗಿದ ಶಂಕ್ರೆವ್ವ ಎದುರಿಗೆ ನಿಂತವರನ್ನು ಗುರುತಿಸಿ ಅಲ್ಲೇ ನಿಂತಳು.

ಸಿದ್ದಲಿಂಗೇಶ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದರು.

"ತಡಾ ಆತ್ರಿ ಯವ್ವಾ," ಎಂದರು.

ಶಂಕ್ರೆವ್ವ ದ್ರಾಕ್ಷಿಯ ಅಂಟಿದ್ದ ಕೈಗಳನ್ನು ಸೆರಗಿಗೆ ಒರೆಸಿಕೊಂಡು ಹಾಳೆಯನ್ನು ತೆಗೆದುಕೊಂಡಳು.